ಅವಕಾಶ ಕೇಳಿಕೊಂಡು ಚೇಕಾಡಿಗೆ

ಹ್ಯಾಂಡ್‌ಪೋಸ್ಟಿನಲ್ಲಿ ಮಾನಂದವಾಡಿ ಬಸ್ಸು ಹತ್ತಿದಾಗ ಸೀಟೇನೋ ಸಿಕ್ಕಿತು, ಕೂರಲಾಗಲಿಲ್ಲ. ಅಂತರಸಂತೆ ದಾಟಿ ಕಾಡಿನ ಗೇಟು ಬರುವವರೆಗೂ ಬಾಗಿಲ ಬಳಿಯ ಕಂಬ ಹಿಡಿದು ನಿಂತೇ ಇದ್ದೆ. ಹೊರಗೆ ಡಿಸೆಂಬರಿನ ಮಂಜು. ಕಂಡಕ್ಟರ್ ಹೋಗುತ್ತ ಬರುತ್ತ ನೋಡಿ, ಕಡೆಗೆ ಕೇಳಿಯೇಬಿಟ್ಟ: "ಯಾಕಪ್ಪ, ಹೆರಿಗೆ ಆಸ್ಪತ್ರೆಗಾ?"

ಪಕ್ಷದ ಕೆಲಸ ಎಂದೆ.

"ಹಂಗಾರೆ ಕೂತ್ಕೊ. ಅದು ಬೇಗ ಆಗಕ್ಕಿಲ್ಲ."

ತಲೆಮಾರುಗಳಿಂದ ಕೂಲಿಗೆ ಹೋದ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಅನ್ನದಲ್ಲಿ ಹುಳು ಬಂದಾಗ ಎಲ್ಲರೂ ತಟ್ಟೆ ಹಿಡಿದು ರಸ್ತೆಯಲ್ಲಿ ಕೂತೆವು. ಅಲ್ಲಿ ಮೈಕು ನನ್ನ ಕೈಗೆ ಬಂತು, ಮತ್ತೆ ಬಿಡಲಿಲ್ಲ. ಅಲ್ಲಿಂದ ವಿದ್ಯಾರ್ಥಿ ಸಂಘಟನೆ, ಅಲ್ಲಿಂದ ಪಕ್ಷ. ಈಗ ಪಕ್ಷದ ಯುವ ಘಟಕದ ರಾಷ್ಟ್ರೀಯ ಸಮಿತಿಗೆ ನಮ್ಮ ಕಡೆಯಿಂದ ಒಬ್ಬರನ್ನು ತೆಗೆದುಕೊಳ್ಳುವುದಿತ್ತು. ದೆಹಲಿಯ ನಾಯಕರೊಬ್ಬರು ವಯನಾಡಿನ ಗಡಿಯಲ್ಲಿ ಭಾಷಣ ಮಾಡಲು ಬರುತ್ತಿದ್ದರು. ಅವರ ಹಿಂದಿಯನ್ನು ಅಲ್ಲಿನ ಕನ್ನಡದವರಿಗೆ ದಾಟಿಸುವ ಕೆಲಸ ನನ್ನದು. ಜನ ಚಪ್ಪಾಳೆ ತಟ್ಟಿದರೆ ದೆಹಲಿ ನಿನ್ನದೇ ಎಂದು ನಮ್ಮ ಅಧ್ಯಕ್ಷರು ಹೇಳಿ ಕಳಿಸಿದ್ದರು. ನನ್ನ ಹಿಂದಿ ಹಾಸ್ಟೆಲಿನ ಟಿ.ವಿ.ಯಲ್ಲಿ ಕಲಿತದ್ದು, ದಾರಿಯುದ್ದಕ್ಕೂ ಅದನ್ನೇ ಬಾಯೊಳಗೆ ಹೊರಳಿಸುತ್ತಿದ್ದೆ.

ಬಾವಲಿಯಲ್ಲಿ ಇಳಿದು ಸೇತುವೆ ದಾಟಿದರೆ ಕೇರಳ. ಅಲ್ಲಿನ ಪಕ್ಷದ ಸಜಿ ಚೇಟ್ಟ ಜೀಪು ತಂದಿದ್ದರು. ಚೇಟ್ಟ ಎಂದರೆ ಅಣ್ಣ. ಅವರು ನಮ್ಮ ಕೋಟೆ ತಾಲೂಕಿನ ಕಡೆ ಹೊಲ ಗುತ್ತಿಗೆ ಹಿಡಿದು ವರ್ಷಗಟ್ಟಲೆ ಶುಂಠಿ ಬೆಳೆದವರು. ಕನ್ನಡವನ್ನು ನಮ್ಮ ಕೂಲಿಯವರಿಂದಲೇ ಕಲಿತಿದ್ದರು. ಹಾಗಾಗಿ ಬೈಗುಳ ಬಲು ಶುದ್ಧ. ದಾರಿಬದಿಯ ಅಂಗಡಿಯಲ್ಲಿ ಪುಟ್ಟು, ಕಡಲೆ ಸಾರು, ಹಾಲಿಲ್ಲದ ಚಹಾ. ಅವರು ಎರಡನೆಯ ತಟ್ಟೆ ಹೇಳಿದರು. ನನಗೆ ಮೊದಲನೆಯದೇ ಇಳಿಯಲಿಲ್ಲ.

ಭಾಷಣ ನಡೆಯಬೇಕಿದ್ದ ಚೇಕಾಡಿಗೆ ಕಾಡಿನೊಳಗಿನ ರಸ್ತೆ. ಕಾಡು ಮುಗಿದದ್ದೇ ಗದ್ದೆ ಬಯಲು, ಕೊಯ್ಲಿಗೆ ಬಂದ ಪರಿಮಳದ ಭತ್ತ, ಅಂಚಿನಲ್ಲಿ ಆನೆ ಬೇಲಿ. ಬೇಲಿ ಪಕ್ಕದ ಆದಿವಾಸಿ ಹಾಡಿಯಲ್ಲಿ ಹಲಸಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ನಾಯಕರು ಬರುವುದು ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ನಾನೊಂದಿಷ್ಟು ಮಾತಾಡಿದೆ. ಉದ್ಯೋಗ ಖಾತ್ರಿ ಕೆಲಸ ಮುಗಿಸಿ ಬಂದ ಹೆಂಗಸರು ಗುದ್ದಲಿ ಪಕ್ಕಕ್ಕಿಟ್ಟು ಕೇಳುತ್ತಿದ್ದರು. ಎಲ್ಲ ಕಡೆ ಹೇಳುವಂತೆ ಕೊನೆಗೆ ಕೈಮುಗಿದು ಹೇಳಿದೆ: "ನಮಗೊಂದು ಅವಕಾಶ ಕೊಡಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮುಂದೆ ಕೂತಿದ್ದ ಕೆಂಚಿ ಎಂಬಾಕೆ ಎಲೆಯಡಿಕೆ ದವಡೆಗೆ ಸರಿಸಿ, ಮಗನನ್ನು ಕರೆಯುವಂತೆ ಮೋನೆ ಎಂದು ಕರೆದರು.

"ಅವಕಾಶ ಕೇಳಿ ಕೇಳಿ ನಂಗಕೇ ಸಾಕಾಯ್ತು ಮೋನೆ. ಈಗ ನೀನು ನಂಗಳ ಹತ್ರ ಕೇಳ್ತಾ ಇದ್ದೀಯಾ? ನಿಂಗೆ ಯಾವ ಕಾಡು ಬೇಕು?"

ಎಲ್ಲರೂ ನಕ್ಕರು. ನನಗೆ ತಲೆಬುಡ ತಿಳಿಯಲಿಲ್ಲ. ಸಜಿ ಚೇಟ್ಟ ಪಕ್ಕಕ್ಕೆ ಕರೆದು ಹೇಳಿದರು: ಮಲಯಾಳದಲ್ಲಿ ಅವಕಾಶ ಎಂದರೆ ಹಕ್ಕು. ಶಾಲೆ, ಕಚೇರಿಯೆಲ್ಲ ಮಲಯಾಳವಾದ್ದರಿಂದ ಇವರ ಕನ್ನಡದಲ್ಲೂ ಅದೇ ಅರ್ಥ. ಈ ಹಾಡಿಯಲ್ಲಂತೂ ಅವಕಾಶ ಎಂದರೆ ಒಂದೇ, ಕಾಡಿನ ಜಾಗದ ಹಕ್ಕು. ಅದು ಇನ್ನೂ ಸಿಕ್ಕಿಲ್ಲ.

ಇಷ್ಟು ಹೇಳುತ್ತಲೇ ಅವರ ಮುಖ ಅರಳಿತು. "ನಾಯಕರು ಕೊನೆಗೆ ಹಿಂದಿಯಲ್ಲಿ ನಮಗೊಂದು ಮೌಕಾ ಕೊಡಿ ಅಂತ ಹೇಳ್ತಾರಲ್ಲ, ಆಗ ನೀ ಅವಕಾಶ ಅಂತಲೇ ಹೇಳು. ನಮಗೆ ಅಂತ ಬೇಡ. ಬರೀ ಅವಕಾಶದ ಕಾಲ ಬಂತು ಅಂತ ಹೇಳು."

ಹಾಡಿಯವರು ಜಾಗದ ಹಕ್ಕು ಬಂತು ಅಂತ ತಿಳಿಯುತ್ತಾರಲ್ಲ ಎಂದೆ.

"ನಿನ್ನ ಕನ್ನಡ ನೀ ಹೇಳ್ತಿ, ಸುಳ್ಳುಂಟಾ? ಕೇಳೋದು ಅವರ ಕಿವಿ. ನಿನ್ನ ಕೈಲಿ ದೆಹಲಿ ಉಂಟು ಮಾರಾಯ."

ಗದ್ದೆಯ ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಇದ್ದಿದ್ದರೂ ಯಾರನ್ನು ಕೇಳುವುದು? ಮಾತು ನನ್ನ ನಿಘಂಟಿನ ಪ್ರಕಾರ ಸರಿಯಾಗಿತ್ತು. ಅದೇ ಕಾಲಿಗೆ ಮುಳ್ಳಾಗಿತ್ತು.

ನಾಯಕರು ತಡವಾಗಿ ಬಂದರು. ಒಳ್ಳೆಯ ಭಾಷಣಗಾರರು, ರಸ್ತೆ, ಆಸ್ಪತ್ರೆ, ಮಕ್ಕಳ ಓದು ಎಂದು ಹೇಳಿದ್ದನ್ನೆಲ್ಲ ನಾನು ತಡವರಿಸದೆ ದಾಟಿಸಿದೆ. ಚಪ್ಪಾಳೆಯೂ ಬಿತ್ತು. ಕೊನೆಗೆ ಅವರು ಎರಡೂ ಕೈ ಎತ್ತಿ, "ಬಸ್, ಹಮೇ ಏಕ್ ಮೌಕಾ ದೀಜಿಯೇ" ಎಂದರು. ಸಜಿ ಚೇಟ್ಟ ನನ್ನತ್ತ ಕಣ್ಣು ಮಿಟುಕಿಸಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕೆಂಚಿ ಹಿಂದೆ ಮಾತಾಡುತ್ತಿದ್ದ ಹೆಂಗಸರಿಗೆ ಸುಮ್ಮನಿರುವಂತೆ ಕೈಮಾಡಿ, ಕೇಳಲು ಮುಂದಕ್ಕೆ ಬಾಗಿದರು.

"ಒಂದು ಸಲ ನಮಗೆ ವೋಟು ಹಾಕಿ ನೋಡಿ ಅಂತ ಇವರು ಕೇಳ್ತಿದ್ದಾರೆ" ಎಂದೆ. "ನಿಮ್ಮ ಜಾಗದ ಮಾತು ಇವರು ಆಡಿಲ್ಲ."

ಚಪ್ಪಾಳೆ ಬೀಳಲಿಲ್ಲ. ಕೆಂಚಿ ಎದ್ದು ನಿಂತರು. "ಆಡದಿದ್ರೆ ನೀನೇ ಕೇಳು. ನಿಂಗೆ ಅವರ ಮಾತು ಬರ್ತದಲ್ಲ."

ಕೇಳಿದೆ. ಹಾಡಿಗೆ ಕಾಡಿನ ಜಾಗದ ಹಕ್ಕು ಯಾವಾಗ ಎಂದು, ಟಿ.ವಿ.ಯ ಹಿಂದಿಯಲ್ಲೇ, ಮೈಕಿನಲ್ಲೇ. ನಾಯಕರು ಸಜಿ ಚೇಟ್ಟನನ್ನು ನೋಡಿದರು. ಸಜಿ ಚೇಟ್ಟ ಹಲಸಿನ ಮರ ನೋಡಿದರು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ನೋಡುತ್ತಾರಂತೆ ಎಂದು ಹೇಳಿದೆ.

"ನೋಡಿದವರು ತುಂಬಾ ಜನ ಉಂಟು" ಎಂದು ಕೆಂಚಿ ಕೂತರು.

ಕಾರು ಹತ್ತುವ ಮುಂಚೆ ನಾಯಕರು ನನ್ನ ಹೆಸರು ಕೇಳಿದರು. ಸಜಿ ಚೇಟ್ಟನಿಂದ ಮತ್ತೊಮ್ಮೆ ಹೇಳಿಸಿಕೊಂಡರು. ಸೇರಿಸಿಕೊಳ್ಳಲೋ, ಕೈಬಿಡಲೋ, ಮುಖದಲ್ಲಿ ತಿಳಿಯಲಿಲ್ಲ.

ಸಂಜೆ ಆರಕ್ಕೆ ಕಾಡಿನ ಗೇಟು ಮುಚ್ಚುತ್ತದೆ. ಬಾವಲಿಯವರೆಗೆ ಸಜಿ ಚೇಟ್ಟ ಜೀಪನ್ನು ಹಾರಿಸಿಕೊಂಡು ಬಂದರು, ಒಂದು ಬೈಗುಳವೂ ಇಲ್ಲ. ಇಳಿಯುವಾಗ ಮಾತ್ರ ಕೇಳಿದರು: "ನಿಂಗೆ ದೆಹಲಿ ಬೇಡ್ವಾ?"

"ಬೇಕು" ಎಂದೆ. "ತುಂಬಾ ಬೇಕು."

ಅವರು ತಲೆ ಕೊಡವಿದರು. ಸೇತುವೆ ದಾಟಿ ಓಡಿ ಕಡೆಯ ಬಸ್ಸು ಹಿಡಿದೆ. ಹೊರಡುವಾಗ ತಿರುಗಿ ನೋಡಿದರೆ ಹೊಳೆಯಾಚೆ ಅವರು ಜೀಪಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಕೈ ಬೀಸಿದೆ. ನೋಡಿದರು, ಆದರೆ ಮಾತು ನಿಲ್ಲಿಸಲಿಲ್ಲ.