ಹೊನ್ನಕ್ಕನ ಎಡದವಡೆ

ನಮ್ಮಪ್ಪ ಈಶ್ವರಯ್ಯ ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಹಲ್ಲು ಕಟ್ಟಿಕೊಡುತ್ತಿದ್ದರು. ಮೈಸೂರಿನ ದಂತವೈದ್ಯರೊಬ್ಬರ ಹತ್ತಿರ ಆರು ವರ್ಷ ದುಡಿದು ಕಲಿತ ಕೆಲಸ. ಬೆಳಗಿನ ಹೊತ್ತು ಅಂಗಡಿಯಿಂದ ಬರುತ್ತಿದ್ದ ಕರಗಿದ ಮೇಣದ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

೧೯೩೯ರಲ್ಲಿ ಮಲ್ಲಿಪಟ್ಟಣದಿಂದ ಹೊನ್ನಕ್ಕ ಎಂಬುವರು ಬಂದರು. ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಅಪ್ಪ ಮೇಲಕ್ಕೂ ಕೆಳಕ್ಕೂ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಟ್ಟರು. ಎಂಟು ದಿನಕ್ಕೆ ಆಕೆ ಅರಕಲಗೂಡಿನ ಬಸ್ಸಿಳಿದು ಬಂದು, ಸೆರಗಿನ ಗಂಟು ಬಿಚ್ಚಿ ಸೆಟ್ಟನ್ನು ಮೇಜಿನ ಮೇಲಿಟ್ಟರು.

“ಎಡಗಡೆ ಅಗುದ್ರೆ ಜೀವ ಓದಂಗಾಯ್ತದೆ ಸಾ.”

“ಹೊಸದಲ್ವೇನಮ್ಮ, ಅಭ್ಯಾಸ ಆಗುತ್ತೆ,” ಎಂದ ಅಪ್ಪ, ಒಸಡು ಕೆಂಪಾಗಿದ್ದ ಕಡೆಗೆ ತಾಗುವ ಸೆಟ್ಟಿನ ಭಾಗವನ್ನು ಸ್ವಲ್ಪ ಕೆರೆದು ಕಳಿಸಿದರು.

ಹದಿನೈದು ದಿನಕ್ಕೆ ಮತ್ತೆ ಬಂದರು. ಈಗ ಅಲ್ಲೇ ಹುಣ್ಣು. “ನೋವೂ ಅಭ್ಯಾಸ ಆಗ್ಬೇಕಾ ಸಾ?”

ಅಪ್ಪನ ಮುಖ ಸಪ್ಪಗಾಯಿತು. ಆಕೆಯನ್ನು ಕೂರಿಸಿ, ಸೆಟ್ಟು ಹಾಕಿಸಿ, ಹಲ್ಲಿನ ನಡುವೆ ಕಾರ್ಬನ್ ಕಾಗದದ ಚೂರಿಟ್ಟು “ಕಚ್ಚಮ್ಮ” ಎಂದರು. ಎಡಗಡೆಯ ಒಂದೇ ದವಡೆಹಲ್ಲಿನ ಮೇಲೆ ಕಪ್ಪು ಗುರುತು ಬಿತ್ತು. ಮಿಕ್ಕವು ಬೆಳ್ಳಗೇ ಇದ್ದವು.

“ತಪ್ಪು ನಂದೇ ಕಣಮ್ಮ. ಈ ಹಲ್ಲು ಕೂದಲೆಳೆಯಷ್ಟು ಎತ್ತರ. ಕಚ್ಚಿದ ಭಾರವೆಲ್ಲ ಇದರ ಮೇಲೇ ಬಿದ್ದು, ಒಸಡಿನ ಕೆಳಗಿನ ಮೂಳೆನ ಒಂದೇ ಕಡೆ ಒತ್ತುತ್ತೆ. ಹಂಗೇ ಬಿಟ್ರೆ ಮೂಳೆನೂ ಸವೆಯುತ್ತೆ. ಎಲ್ಲಾ ಹಲ್ಲೂ ಒಟ್ಟಿಗೆ ತಾಗಿದ್ರೆ ಭಾರ ದವಡೆ ಪೂರ್ತಿ ಹಂಚಿಹೋಗುತ್ತೆ.”

ಹೊನ್ನಕ್ಕ ಸ್ವಲ್ಪ ಯೋಚಿಸಿದರು. “ಬರೀ ತಲೆ ಮ್ಯಾಲೆ ಕೊಡ ಇಟ್ಕಂಡಂಗೆ ಅನ್ನಿ. ಬಟ್ಟೆ ಸುತ್ತಿ ಸಿಂಬೆ ಇಟ್ಕಂಡ್ರೆ ನೋಯಕಿಲ್ಲ.”

“ಹ್ಞೂಂ, ಅದೇ ಕಣಮ್ಮ!”

ಅಪ್ಪ ಆ ಹಲ್ಲನ್ನು ಅರದಿಂದ ಉಜ್ಜುವುದು, ಕಾಗದವಿಟ್ಟು ಕಚ್ಚಿಸುವುದು, ಮತ್ತೆ ಉಜ್ಜುವುದು. ಎರಡೂ ಕಡೆ ಸಮನಾಗಿ ಚುಕ್ಕೆ ಬೀಳುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಕೆಳಗಿನ ಸೆಟ್ಟು ಒಸಡಿನ ಮೇಲೆ ಇನ್ನಷ್ಟು ಅಗಲವಾಗಿ ಕೂರಲೆಂದು, ಮುಂದಿನ ವಾರ ಅದನ್ನು ಹೊಸದಾಗಿಯೇ ಮಾಡಿಕೊಟ್ಟರು.

ಆಮೇಲೆ ಹಾಸನದ ವಕೀಲರಿರಲಿ, ಚನ್ನರಾಯಪಟ್ಟಣದ ಗಾಡಿಯವರಿರಲಿ, ಕಾಗದವಿಟ್ಟು ನೋಡದೆ ಅಪ್ಪ ಯಾರಿಗೂ ಸೆಟ್ಟು ಕೊಡಲಿಲ್ಲ. ೧೯೪೮ರಲ್ಲಿ ಕಣ್ಣು ಮಂಜಾಗಿ ಅಂಗಡಿ ಮುಚ್ಚುವವರೆಗೂ ಹಾಗೆಯೇ ನಡೆಯಿತು.

ಅಪ್ಪ ಎಂದರೆ ನನಗೆ ನೆನಪಾಗುವುದು ಮಾತ್ರ ೧೯೪೦ರ ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ. ಹೊನ್ನಕ್ಕ ಬಂದವರೇ ಬೆಂಚಿನ ಮೇಲೆ ಕೂತು, ಮಡಿಲಿಂದ ಹುರಿದ ಕಡಲೆ ತೆಗೆದು ಕಟಕಟ ಅಗಿಯತೊಡಗಿದರು. ಅಪ್ಪ ಅಂಗಡಿಯ ಹಿಂದಿದ್ದ ಮನೆಯ ಕಡೆ ತಿರುಗಿ ಅಮ್ಮನನ್ನು ಕೂಗಿದರು: “ಏನೇ, ಬೇಗ ಬಾ, ಈ ಸದ್ದು ಕೇಳು!”

ಅಮ್ಮ ಹಿಟ್ಟಿನ ಕೈಯಲ್ಲೇ ಬಂದರು. ಹೊನ್ನಕ್ಕ ಅಮ್ಮನಿಗೂ ಒಂದು ಹಿಡಿ ಕೊಟ್ಟರು, ಅಪ್ಪನಿಗೂ ಕೊಟ್ಟರು. ಮೂವರೂ ಅಗಿಯುತ್ತಾ ಕೂತುಬಿಟ್ಟರು.