ಫೈಲಕ್ಕ ಒಪ್ಪದ ಸಹಿ

ಆಸ್ಪತ್ರೆಯೆಂದರೆ ವೈದ್ಯರು, ದಾದಿಯರು ಎಂದಷ್ಟೇ ತಿಳಿದವರ ಕಣ್ಣಿಗೆ ನೆಲಮಾಳಿಗೆಯ ದಾಖಲೆ ಕೋಣೆ ಬೀಳುವುದೇ ಇಲ್ಲ. ಮೂವತ್ತನಾಲ್ಕು ವರ್ಷ ಆ ಕೋಣೆಯನ್ನು ಆಳಿ, ಈ ತಿಂಗಳು ನಿವೃತ್ತರಾಗುತ್ತಿರುವ, ನಮ್ಮೆಲ್ಲರ ಬಾಯಲ್ಲಿ ‘ಫೈಲಕ್ಕ’ ಆಗಿರುವ ಮಾನ್ಯರ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ಋಣವಂತೂ ಇದೆ.

ನಾನು ಕತ್ತಿನ ಶಸ್ತ್ರಚಿಕಿತ್ಸಕ. ವಯಸ್ಸಾದಂತೆ ಕತ್ತಿನ ಮೂಳೆ ಸವೆದು, ನರಹುರಿ ಹಾಯುವ ದಾರಿ ಕಿರಿದಾಗುತ್ತದೆ, ಎಷ್ಟೋ ಸಲ ನೋವೇ ಇಲ್ಲದೆ ಮೊದಲು ಬೆರಳುಗಳು ಸೋಲುತ್ತವೆ ಎಂದು ವರ್ಷಗಟ್ಟಲೆ ಪಾಠ ಹೇಳಿದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಕಳೆದುಹಾಕಿದ ಎಕ್ಸ್-ರೇಯೊಂದನ್ನು ಊಟ ಬಿಟ್ಟು ಹುಡುಕಿಕೊಟ್ಟು, ಯಾರ ಕಿವಿಗೂ ಹಾಕದೆ ನನ್ನ ಮಾನ ಉಳಿಸಿದವರು ಅಕ್ಕ. ಆದರೆ ಸಹಿಯ ವಿಷಯದಲ್ಲಿ ಅವರಿಗೆ ದಾಕ್ಷಿಣ್ಯವಿರಲಿಲ್ಲ. ಅನುಮಾನ ಬಂದರೆ ಕೇಸ್ ಶೀಟ್ ವಾಪಸು, ಎಷ್ಟೇ ಹಿರಿಯರದಾದರೂ ಅಷ್ಟೇ.

ಆರು ವರ್ಷದ ಹಿಂದೆ ನನ್ನವೇ ಸಾಲಾಗಿ ವಾಪಸು ಬಂದವು. ಸಿಟ್ಟು ನೆತ್ತಿಗೇರಿ, ಕೆಳಗಿಳಿದು ಹೋಗಿ ಕೂಗಾಡಿದೆ.

“ನಿಮ್ಮ ಹೆಸರಲ್ಲಿ ಯಾರೋ ಸೈನ್ ಹಾಕ್ತಿದಾರೆ ಅಂದ್ಕೊಂಡೆ ಸರ್,” ಎಂದರು.

“ನಾನೇ ಅಕ್ಕ ಹಾಕಿದ್ದು!”

“ಹಾಗಾದ್ರೆ ಇನ್ನೂ ಕಷ್ಟ. ಇಲ್ಲಿ ನೋಡಿ.”

ಮೂರು ವರ್ಷದ ನನ್ನ ಸಹಿಗಳನ್ನು ಮೇಜಿನ ಮೇಲೆ ಹರಡಿದರು. ಮೊದಲಿನವು ನೇರ. ಆಮೇಲಿನವು ಮುದುರಿದ್ದವು, ಗೆರೆ ಬಿಟ್ಟು ಜಾರಿದ್ದವು. ಕೊನೆಯವು ಆಗಷ್ಟೇ ಅಕ್ಷರ ಕಲಿಯುತ್ತಿರುವವನ ಬರಹದಂತಿದ್ದವು. ನಾನು ದಂಗಾದೆ. ಪೆನ್ನು ಸರಿಯಿಲ್ಲವೆಂದು ಮೂರು ಪೆನ್ನು ಬದಲಿಸಿದ್ದೆ, ಅಂಗಿಯ ಗುಂಡಿ ಬಿಗಿಯೆಂದು ಹೆಂಡತಿಯ ಮೇಲೆ ರೇಗಿದ್ದೆ! ರೋಗಿಯೊಬ್ಬ ಇದನ್ನೇ ಹೇಳಿದ್ದರೆ ಅವನ ಮಾತು ಮುಗಿಯುವ ಮೊದಲೇ ರೋಗ ಯಾವುದೆಂದು ಹೇಳುತ್ತಿದ್ದೆ.

“ನಾಳೆ ಆಪರೇಷನ್ ಇದೆಯಲ್ಲ ಸರ್ ನಿಮ್ದು? ಫೈಲು ಈಗಷ್ಟೇ ಮೇಲಕ್ಕೆ ಕಳಿಸಿದೆ,” ಎಂದಷ್ಟೇ ಅಂದರು.

ಮರುದಿನದ್ದು ಒಬ್ಬ ಶಾಲಾ ಶಿಕ್ಷಕಿಯ ಕತ್ತು. ಅವರ ನರಹುರಿಯ ಕೂದಲೆಳೆಯ ಅಂತರದಲ್ಲಿ ಓಡಾಡಬೇಕಾಗಿದ್ದುದು ಈ ಬೆರಳುಗಳು!

ಅಂದೇ ನನ್ನ ಕತ್ತಿನ ಸ್ಕ್ಯಾನ್ ಮಾಡಿಸಿದೆ. ಎರಡು ಕಡೆ ನರಹುರಿಯ ದಾರಿ ಮುಚ್ಚುವಷ್ಟು ಕಿರಿದಾಗಿತ್ತು. ಶಿಕ್ಷಕಿಯ ಶಸ್ತ್ರಚಿಕಿತ್ಸೆಯನ್ನು ಸಹೋದ್ಯೋಗಿಯೊಬ್ಬರು ಮಾಡಿದರು, ವಾರದ ನಂತರ ನನ್ನದನ್ನೂ ಅವರೇ. ಕೈ ಮತ್ತಷ್ಟು ಕೆಡುವುದು ನಿಂತಿತು, ಹೋದದ್ದು ಮರಳಲಿಲ್ಲ. ಈಗ ಪಾಠ ಮಾತ್ರ ಹೇಳುತ್ತೇನೆ. ಆ ಶಿಕ್ಷಕಿ ಇಂದಿಗೂ ಬೋರ್ಡಿನ ಮೇಲೆ ಬರೆಯುತ್ತಾರಂತೆ.

ಅಕ್ಕನವರು ನೂರು ವರ್ಷ ಬಾಳಲಿ, ಅವರ ಕಣ್ಣು ಹೀಗೇ ಚುರುಕಾಗಿರಲಿ, ಹೊಸಬರಿಗೆ ನೋಡುವುದನ್ನು ಕಲಿಸುತ್ತಿರಲಿ. ಈ ಲೇಖನವನ್ನು ನಾನು ಹೇಳುತ್ತಾ ಹೋದೆ, ಮಗಳು ಬರೆದುಕೊಂಡಳು. ಕೆಳಗಿನ ಸಹಿ ಮಾತ್ರ ನನ್ನದೇ, ಸೊಟ್ಟಗಿದೆ. ಅಕ್ಕ, ಇದೊಂದನ್ನು ವಾಪಸು ಕಳಿಸಬೇಡಿ.