ಮುಚ್ಚಿದ ಬಾಗಿಲಿನ ದೃಶ್ಯ

ನಮ್ಮ ಕಂಪನಿ ಕಟ್ಟಿದ ಹುಡುಗನ ಕತೆಯನ್ನು ಸಿನಿಮಾ ಮಾಡುತ್ತಾರೆಂದು ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಅವನು ಕಾಲೇಜು ಮುಗಿಸಿದ ಕೂಡಲೇ ಇಂದಿರಾನಗರದ ಒಂದು ಹಳೆಯ ಮನೆಯ ಮೇಲ್ಮಹಡಿಯಲ್ಲಿ ಕಂಪನಿ ಶುರು ಮಾಡಿದ್ದ. ಮೊಬೈಲಿನಲ್ಲಿ ಕನ್ನಡ, ತಮಿಳು ಅಕ್ಷರ ಮೂಡಿಸುವ ಸಾಫ್ಟ್‌ವೇರ್ ನಮ್ಮ ಕೆಲಸ. ನಾನು ರಾಯಚೂರಿನಿಂದ ಬಂದು ಲಿಂಗರಾಜಪುರದಲ್ಲಿ ಕೋಣೆ ಹಿಡಿದಿದ್ದೆ. ಅವನು ಪುಲಿಕೇಶಿನಗರದವನು, ಮನೆಯಲ್ಲಿ ತಮಿಳು. ಒಂದೇ ವಾರಿಗೆಯವರಾದ್ದರಿಂದ ಅವನನ್ನು ಯಾರೂ ಸರ್ ಎನ್ನುತ್ತಿರಲಿಲ್ಲ. ಕಂಪನಿ ದೊಡ್ಡದಾಗಿ, ಪೇಪರುಗಳಲ್ಲಿ ಅವನ ಫೋಟೋ ಬಂದ ಮೇಲೆ ಸಿನಿಮಾದವರು ಬಂದರು.

ಒಂದು ದಿನ ನಿರ್ದೇಶಕರು ಫೋನ್ ಮಾಡಿ, "ಮೇಡಂ, ಆ ಹೊಗೆ ತುಂಬ್ಕೊಂಡ ಸೀನ್ ಅದೇ ರೂಮಲ್ಲೇ ತೆಗೀತಿದೀವಿ. ನೀವೂ ಒಳಗಿದ್ರಂತಲ್ಲ, ಒಂದ್ಸಲ ಬಂದ್ಹೋಗಿ" ಎಂದರು. ಹೂಂ ಎಂದು ಫೋನ್ ಇಟ್ಟೆ.

ಆ ಹೊಗೆಯ ಸಂಗತಿ ನಡೆದದ್ದು ಸಿನಿಮಾದವರು ಬರುವುದಕ್ಕೆ ಮೊದಲು, ಒಂದು ಭಾನುವಾರ ಬೆಳಗ್ಗೆ. ಉಳಿದವರು ಇನ್ನೂ ಬಂದಿರಲಿಲ್ಲ. ಹಿಂದಿನ ಉಗ್ರಾಣದಲ್ಲಿ ಸರ್ವರ್ ಇಟ್ಟಿದ್ದೆವು, ಪಕ್ಕದಲ್ಲೇ ಯುಪಿಎಸ್ ಬ್ಯಾಟರಿಗಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲಿನ ಒಳಗಿನ ಹಿಡಿ ಮುರಿದುಹೋಗಿತ್ತು. ಹಾಗಾಗಿ ಒಳಗೆ ಹೋಗುವಾಗ ಬಾಗಿಲು ಮುಚ್ಚದಂತೆ ಕುರ್ಚಿ ಅಡ್ಡ ಇಡುತ್ತಿದ್ದೆವು. ಅವತ್ತು ನಾವಿಬ್ಬರೂ ಒಳಗಿದ್ದಾಗ ಕರೆಂಟು ಹೋಯಿತು. ಕತ್ತಲಲ್ಲಿ ಅವನ ಕಾಲು ಕುರ್ಚಿಗೆ ತಾಗಿತು. ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಮೊದಲು ಇಬ್ಬರೂ ನಕ್ಕೆವು. ಆಮೇಲೆ ಬ್ಯಾಟರಿಯ ಕಡೆಯಿಂದ ಸುಟ್ಟ ವಾಸನೆ ಬಂತು. ನೋಡನೋಡುತ್ತಲೇ ಹೊಗೆ ತುಂಬಿ ಕಣ್ಣು ಉರಿಯತೊಡಗಿತು, ಕೆಮ್ಮು ಹತ್ತಿತು. ಮೊಬೈಲುಗಳು ಹೊರಗಿನ ಮೇಜಿನ ಮೇಲಿದ್ದವು. ನಾನು ಬಾಗಿಲು ಬಡಿದೆ, ಒದ್ದೆ. ಕೆಳಗೆ ವಾಚ್‌ಮನ್ ಕೆಳಮನೆಯ ಜನರೇಟರ್ ಹಾಕಿದ್ದ. ಅದರ ಗದ್ದಲದಲ್ಲಿ ಅವನಿಗೇನು ಕೇಳಿಸೀತು?

"ಬಾರೋ, ಇಬ್ಬರೂ ಸೇರಿ ಒದೆಯೋಣ" ಎಂದೆ. ಕತ್ತಲಲ್ಲಿ ತಡಕಾಡಿದರೆ ಅವನು ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಕಂಬದಂತೆ ಬಿಗಿದುಕೊಂಡಿದ್ದ. ತಮಿಳಿನಲ್ಲಿ ಪ್ರಾರ್ಥನೆ ಹೇಳುತ್ತಿದ್ದ, ಮಧ್ಯೆ ಮಧ್ಯೆ "ಅಮ್ಮಾ" ಎನ್ನುತ್ತಿದ್ದ. ನನ್ನ ಕೈ ಸಿಕ್ಕಿದ್ದೇ ಗಟ್ಟಿಯಾಗಿ ಹಿಡಿದು, "ಬಿಡಬೇಡ, ಪ್ಲೀಸ್, ಬಿಡಬೇಡ" ಎಂದ. ಹೊಗೆಗಿಂತ ಹೆಚ್ಚು ನಾನು ಹೆದರಿದ್ದು ಆಗ. ಯಾವುದಕ್ಕೂ ಜಗ್ಗದವನು ಎಂದುಕೊಂಡಿದ್ದವನೇ ಹೀಗಾದರೆ ನನ್ನ ಗತಿ?

ಹಿಂದೆ ಎಸಿ ಇದ್ದ ಕಂಡಿಯನ್ನು ಹಲಗೆಯಿಂದ ಮುಚ್ಚಿದ್ದು ನೆನಪಾಯಿತು. ಅವನ ಬೆರಳು ಬಿಡಿಸಿಕೊಂಡು, ಸರ್ವರ್ ಇಟ್ಟಿದ್ದ ಮೇಜು ಹತ್ತಿ, ಹಲಗೆಯನ್ನು ಕೈಯಿಂದ ಗುದ್ದಿದೆ. ಅದು ಅಲುಗಲಿಲ್ಲ. ಕೊನೆಗೆ ಕೀಬೋರ್ಡು ತೆಗೆದುಕೊಂಡು ಚಚ್ಚಿದೆ. ಹಲಗೆ ಹೊರಕ್ಕೆ ಬಿತ್ತು. ಬೆಳಕು ಬಂತು. ಮುಖ ಹೊರಹಾಕಿ ಕೂಗಿದೆ. ಎಷ್ಟೋ ವರ್ಷ ಬೆಂಗಳೂರಿನ ಕನ್ನಡ ಮಾತಾಡಿದವಳ ಬಾಯಲ್ಲಿ ಬಂದದ್ದು ಊರಿನ ಮಾತೇ: "ಯಾರರ ಬರ್ರೀ! ಸಾಯಾಕತ್ತೀವ್ರೀ!"

ಎದುರು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ನೋಡಿದಳು. ಅವಳ ಕಿರುಚಾಟಕ್ಕೆ ವಾಚ್‌ಮನ್ ಮೇಲೆ ಓಡಿಬಂದ. ಬಾಗಿಲು ತೆರೆಯಿತು.

ಆ ಸಂಗತಿಯನ್ನು ಅವ್ವನಿಗೆ ಹೇಳಲಿಲ್ಲ. ಹೇಳಿದ್ದರೆ ಮರುದಿನವೇ ಬಸ್ಸು ಹತ್ತಿ ಬಂದು ನನ್ನನ್ನು ಊರಿಗೆ ಕರೆದುಕೊಂಡು ಹೋಗುತ್ತಿದ್ದಳು.

ಚಿತ್ರೀಕರಣಕ್ಕೆ ಹೋದೆ. ಅದೇ ಮೆಟ್ಟಿಲು, ಅದೇ ಕೋಣೆ. ಯಂತ್ರದಿಂದ ಹೊಗೆ ಬಿಡುತ್ತಿದ್ದರು. ಸುಳ್ಳು ಹೊಗೆ ಎಂದು ಗೊತ್ತಿದ್ದರೂ ಹೊಸ್ತಿಲ ಹೊರಗೇ ನಿಂತೆ. ಒಳಗೆ ನಾಯಕ ನಟ ಭುಜದಿಂದ ಬಾಗಿಲು ಮುರಿದು, ಮೂರ್ಛೆ ಹೋದ ಹುಡುಗಿಯನ್ನು ಎತ್ತಿಕೊಂಡು ಹೊರಬಂದ. ಆ ಹುಡುಗಿ ನಾನು.

ತಿರುಗಿ ನೋಡಿದರೆ ನಮ್ಮ ಹುಡುಗ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ನಿಂತಿದ್ದ. ತುಟಿ ಬಿಳಿಚಿಕೊಂಡಿತ್ತು. "ಬಾ, ಕೆಳಗೆ ಹೋಗೋಣ" ಎಂದ. ಇಬ್ಬರೂ ಬೀದಿಯಲ್ಲಿ ನಿಂತೆವು.

"ನಾನು ಹಂಗ್ ಹೇಳ್ಲಿಲ್ಲ ಕಣೇ. ಅವರೇ ಬರ್ಕೊಂಡ್ರು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

"ಈಗ ಹೇಳು."

"ಈಗ್ಲೂ ಅಲ್ಲಿಗೆ ಹೋಗಕ್ಕಾಗ್ತಿಲ್ಲ. ಲಿಫ್ಟ್ ಕೂಡ ಹತ್ತಲ್ಲ ನಾನು, ಗೊತ್ತಾ? ಮೀಟಿಂಗ್ ಇದ್ರೆ ಎಲ್ಲರಿಗಿಂತ ಮುಂಚೆ ಹೋಗಿ ಮೆಟ್ಟಿಲು ಹತ್ತಿರ್ತೀನಿ. ಇದನ್ನ ಹೆಂಗೆ ಎಲ್ಲರ ಮುಂದೆ ತೋರಿಸ್ಲಿ?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ಅಂದಿನಿಂದ ಬಚ್ಚಲಿನ ಚಿಲಕ ಹಾಕಿದವಳಲ್ಲ. ಅದನ್ನು ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಮೇಲಿನಿಂದ ಮತ್ತೆ ಬಾಗಿಲು ಮುರಿಯುವ ಸದ್ದು ಕೇಳಿಬಂತು, ಇಬ್ಬರೂ ಬೆಚ್ಚಿದೆವು.

ದೃಶ್ಯ ಬದಲಾಗಲಿಲ್ಲ. ಸಿನಿಮಾ ಬಿಡುಗಡೆಯಾದಾಗ ಅವ್ವ ಊರಿನಿಂದ ಬಂದಿದ್ದಳು, ಮಗಳ ಆಫೀಸಿನ ಸಿನಿಮಾ ನೋಡಲೇಬೇಕೆಂದು. ನಾನು ಹೊರಬಾಗಿಲಿನ ಪಕ್ಕದ ಸೀಟು ಹಿಡಿದೆ. ಹೊಗೆ ಪರದೆ ತುಂಬಿದಾಗ ಕಣ್ಣು ಮುಚ್ಚಿಕೊಂಡೆ. ಜನ ಸಿಳ್ಳೆ ಹಾಕಿದರು. ಅವ್ವ ನನ್ನ ತೋಳು ಹಿಡಿದು, "ಇದು ಖರೇನ ನಡೆದದ್ದೇನು?" ಎಂದಳು. "ಆ ಹುಡುಗಿ ಯಾರು?"

ಸುಳ್ಳು ಹೇಳಲು ಆಗಲಿಲ್ಲ. ಹೊರಗೆ ಕರೆದುಕೊಂಡು ಬಂದು, ಅವನು ಮೂಲೆಯಲ್ಲಿ ಕೂತು ಅಮ್ಮಾ ಎಂದದ್ದು, ನಾನು ಹಲಗೆ ಚಚ್ಚಿದ್ದು, ಕೂಗಿದ್ದು, ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಆ ಹುಡುಗನ ಅವ್ವಗರ ಗೊತ್ತೈತೇನು?" ಎಂದಷ್ಟೇ ಕೇಳಿದಳು.

ಅವ್ವ ಊರಿಗೆ ಬಾ ಎನ್ನಲಿಲ್ಲ. ಆದರೆ ಆಕೆ ಇಲ್ಲಿದ್ದಷ್ಟು ದಿನವೂ ನಾನು ಸ್ನಾನಕ್ಕೆ ಹೋದಾಗ ಬಚ್ಚಲಿನ ಹೊರಗೆ ಗೋಡೆಗೊರಗಿ ಕೂತಿರುತ್ತಿದ್ದಳು. ಒಳಗಿನಿಂದ ನೀರಿನ ಸದ್ದು ನಿಂತರೆ ಸಾಕು, ನನ್ನ ಹೆಸರು ಹಿಡಿದು ಕೂಗುತ್ತಿದ್ದಳು.